ಡಿಸ್ಚಾರ್ಜ್ ಬುಕ್ಕಿನ ಆ ಒಂದು ಸಾಲು: ಸೇನೆಯಲ್ಲಿ ಸಲಿಂಗಿಗಳ ಪಾಡು

ನಿವೃತ್ತ ಗುಮಾಸ್ತ, ಹಾಸನ

ಎಲ್ಲರಿಗೂ ನಮಸ್ಕಾರ. ಪಿಂಚಣಿ ಪರಿಷ್ಕರಣೆ, ಕ್ಯಾಂಟೀನ್ ಕಾರ್ಡ್, ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಔಷಧಿ ಇಂಥವನ್ನು ಬಿಟ್ಟು ಬೇರೆ ವಿಷಯ ನಾನು ಈ ಆನ್‌ಲೈನ್ ಚರ್ಚಾ ವೇದಿಕೆಯಲ್ಲಿ ಬರೆದವನಲ್ಲ. ಇವತ್ತು ಬರೆಯುತ್ತಿದ್ದೇನೆ. ಬೇಡವೆನಿಸಿದರೆ ನಿರ್ವಾಹಕರು ತೆಗೆದುಹಾಕಬಹುದು.

ಮೊನ್ನೆ ನಮ್ಮ ಮಾಜಿ ಸೈನಿಕರ ಸಂಘದ ಸಭೆ ಮುಗಿಸಿ ಕಾಫಿ ಕುಡಿಯುವಾಗ ಒಬ್ಬರು ಮೊಬೈಲಿನಲ್ಲಿ ಸುದ್ದಿಯೊಂದನ್ನು ತೋರಿಸಿದರು. ಸಲಿಂಗಿಗಳೆಂಬ ಕಾರಣಕ್ಕೆ ಸೇನೆಯಿಂದ ಹೊರಹಾಕಿಸಿಕೊಂಡವರಿಗಾಗಿ ಇಂಗ್ಲೆಂಡಿನಲ್ಲಿ ಸ್ಮಾರಕ ಕಟ್ಟಿದ್ದಾರಂತೆ, ಅಲ್ಲಿಯ ರಾಜನೇ ಬಂದು ಅನಾವರಣ ಮಾಡಿದನಂತೆ. "ಬಿಡಿ, ನಾಳೆ ನಮ್ಮ ಊರಿನ ಸರ್ಕಲ್ಲಿನಲ್ಲೂ ನಿಲ್ಲಿಸುತ್ತಾರೆ" ಎಂದರು ಒಬ್ಬರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗ ಒಂದು ಕಡತ ನೆನಪಾಯಿತು. ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ.

ನಾನು 24 ವರ್ಷ ಕ್ಲಾರ್ಕ್ ಆಗಿದ್ದು ಸುಬೇದಾರನಾಗಿ ಹೊರಬಂದವನು. ಬಂದೂಕಿಗಿಂತ ಟೈಪ್‌ರೈಟರ್ ಹಿಡಿದದ್ದೇ ಹೆಚ್ಚು. ಸೇನೆಯಿಂದ ಹೊರಡುವ ಪ್ರತಿಯೊಬ್ಬನ ಕೈಗೂ ಒಂದು ಡಿಸ್ಚಾರ್ಜ್ ಬುಕ್ ಕೊಡುತ್ತಾರೆ. ಸೇರಿದ ದಿನ, ಬಿಟ್ಟ ದಿನ, ಪದಕಗಳು, ನಡತೆ ಎಂಬ ಒಂದು ಅಂಕಣ, ಬಿಟ್ಟ ಕಾರಣ ಎಂಬ ಇನ್ನೊಂದು. ಊರಿಗೆ ಬಂದ ಮೇಲೆ ಬ್ಯಾಂಕಿನ ಕಾವಲು ಕೆಲಸಕ್ಕೆ ಹೋದರೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋದರೂ ಮೊದಲು ತಿರುವುವುದು ಆ ಎರಡು ಅಂಕಣಗಳನ್ನೇ.

ತೊಂಬತ್ತರ ದಶಕದ ಕೊನೆ. ಘಟಕದ ಹೆಸರು ಬೇಡ. ಹುಡುಗ ನಮ್ಮ ಕಡೆಯವನೇ, ಒಳ್ಳೆಯ ವಾಲಿಬಾಲ್ ಆಟಗಾರ. ಸೇವೆ 11 ವರ್ಷ ಆಗಿತ್ತು. ಜವಾನನ ಪಿಂಚಣಿಗೆ 15 ವರ್ಷ ತುಂಬಬೇಕು ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಒಂದು ದಿನ ತಪಾಸಣೆಯಲ್ಲಿ ಅವನ ಟ್ರಂಕಿನ ಅಡಿಯಿಂದ ಒಂದು ಪತ್ರ ಹೊರಬಿತ್ತು. ಬರೆದವನೂ ಸೈನಿಕನೇ, ಬೇರೆ ಘಟಕದವನು. ಪತ್ರವನ್ನು ಅಲ್ಲೇ ನಾಲ್ಕು ಜನರೆದುರು ಓದಲಾಯಿತು. ಕೋರ್ಟ್ ಮಾರ್ಷಲ್ ಆಗಲಿಲ್ಲ, ಘಟಕದ ಮಾನ ಹೋಗುತ್ತದೆ ಎಂದು. ಸದ್ದಿಲ್ಲದೆ ಮನೆಗೆ ಕಳಿಸಿದರು. ಕಾರಣದ ಅಂಕಣದಲ್ಲಿ ಬಂದದ್ದು "ಸೇವೆ ಇನ್ನು ಅಗತ್ಯವಿಲ್ಲ" ಎಂಬ ಒಂದು ಸಾಲು. ಅದನ್ನು ಟೈಪ್ ಮಾಡಿದವನು ನಾನು.

ಪುಸ್ತಕ ತೆಗೆದುಕೊಳ್ಳಲು ಬಂದಾಗ ಅವನು ಕೇಳಿದ್ದು ಇಷ್ಟೇ: "ಸಾಬ್, ಊರಿನಲ್ಲಿ ಏನು ಹೇಳಲಿ?" ನಾನು "ಬೆನ್ನು ನೋವು ಎಂದು ಹೇಳು" ಎಂದೆ.

ಈಗ ಕಾನೂನು ಬದಲಾಗಿದೆ ಎನ್ನುತ್ತಾರೆ. ಸೇನೆಗೂ ಬದಲಾಗಿದೆಯೇ? ತಿಳಿದವರು ಹೇಳಿ.

ಮೈಸೂರು ವಕೀಲ

ಸುಬೇದಾರ್ ಸಾಹೇಬರೇ, ಊರಿಗೆ ಬದಲಾಗಿದೆ, ಪಲ್ಟನ್ನಿಗೆ ಬದಲಾಗಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧಕ್ಕೆ ದಂಡಸಂಹಿತೆಯ 377ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಆದರೆ ಸೈನಿಕನ ಮೇಲೆ ಇನ್ನೊಂದು ಕಾನೂನು ಇದೆ, 1950ರ ಸೇನಾ ಕಾಯ್ದೆ. ಅದರ 46ನೇ ಸೆಕ್ಷನ್ "ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕ" ಬಗೆಯ ನಾಚಿಕೆಗೇಡಿನ ನಡತೆಗೆ 7 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಅಧಿಕಾರಿಗಳಿಗೂ ಜೆಸಿಒಗಳಿಗೂ (ಸುಬೇದಾರರಂಥ ಕಿರಿಯ ಅಧಿಕಾರಿಗಳಿಗೂ) ಇನ್ನೊಂದು ಇದೆ, 45ನೆಯದು. ಅದು ಹುದ್ದೆಗೆ ತಕ್ಕುದಲ್ಲದ ನಡತೆ ಎನ್ನುತ್ತದೆ, ಅಷ್ಟೇ. ಯಾವುದು ತಕ್ಕುದಲ್ಲ ಎಂಬುದನ್ನು ಬರೆದಿಲ್ಲ. ಇವೆರಡರಲ್ಲೂ ಸಲಿಂಗ ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ಇದ್ದಿದ್ದರೆ ಯಾರಾದರೂ ನೇರವಾಗಿ ಪ್ರಶ್ನಿಸಬಹುದಿತ್ತು.

ಆ ಮೂರು ವಿಶೇಷಣಗಳು ಎಲ್ಲಿಂದ ಬಂದವು ಎಂಬುದು ನನಗೆ ತುಂಬ ಇಷ್ಟವಾದ ಕಥೆ. ಬ್ರಿಟಿಷರ 1881ರ ಸೇನಾ ಕಾಯ್ದೆಯಲ್ಲಿ ಇದೇ ಸಾಲು ಇದೆ, ಪದ ಪದವೂ ಅದೇ. ನಾವು 1950ರಲ್ಲಿ, ಗಣರಾಜ್ಯವಾದ ವರ್ಷವೇ, ಅದನ್ನು ಉಳಿಸಿಕೊಂಡೆವು. ಬ್ರಿಟನ್ ತನ್ನ 2006ರ ಸಶಸ್ತ್ರ ಪಡೆಗಳ ಕಾಯ್ದೆಯಲ್ಲಿ ಕ್ರೂರ, ಅಸಭ್ಯ ಎಂಬೆರಡನ್ನು ಇಟ್ಟುಕೊಂಡು "ಅಸ್ವಾಭಾವಿಕ" ಎಂಬುದನ್ನು ಬಿಟ್ಟುಬಿಟ್ಟಿತು. ಕೊಟ್ಟವರು ಮನೆಯಲ್ಲಿ ಹಳೆಯ ಪಾತ್ರೆ ಎಸೆದರು, ನಾವು ಇನ್ನೂ ಅದರಲ್ಲೇ ಅಡುಗೆ ಮಾಡುತ್ತಿದ್ದೇವೆ.

ಸಂವಿಧಾನದ 33ನೇ ವಿಧಿ ಶಿಸ್ತಿನ ದೃಷ್ಟಿಯಿಂದ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 377ರ ತೀರ್ಪಿನ ನಾಲ್ಕು ತಿಂಗಳ ಬಳಿಕ, 2019ರ ಜನವರಿಯಲ್ಲಿ, ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು ವಾರ್ಷಿಕ ಪತ್ರಿಕಾಗೋಷ್ಠಿಯಲ್ಲಿ ಸೇನೆ ಸಂಪ್ರದಾಯಸ್ಥವಾದದ್ದು, ಇದಕ್ಕೆ ಅಲ್ಲಿ ಅವಕಾಶವಿಲ್ಲ, ಸೇನಾ ಕಾಯ್ದೆಯಡಿಯೇ ಕ್ರಮ ನಡೆಯುತ್ತದೆ ಎಂಬರ್ಥದಲ್ಲಿ ಹೇಳಿದರು. ವ್ಯಭಿಚಾರದ ಸೆಕ್ಷನ್ ರದ್ದಾದಾಗಲೂ ಇದೇ ದಾರಿ. ಆ ತೀರ್ಪು ಸಶಸ್ತ್ರ ಪಡೆಗಳ ಕಾಯ್ದೆಗಳನ್ನು ಕುರಿತದ್ದಲ್ಲ ಎಂದು 2023ರ ಜನವರಿ 31ರಂದು ಸುಪ್ರೀಂ ಕೋರ್ಟೇ ಸ್ಪಷ್ಟಪಡಿಸಿತು.

ನೀವು ಟೈಪ್ ಮಾಡಿದ ಸಾಲಿನ ಬಗ್ಗೆ: ಅದೇ ಅತ್ಯಂತ ಜಾಣ ಸಾಲು. 46ರಡಿ ಶಿಕ್ಷೆಯಾದರೆ ಮೇಲ್ಮನವಿಗೆ ಒಂದು ಹಿಡಿಕೆ ಸಿಗುತ್ತದೆ. "ಅಗತ್ಯವಿಲ್ಲ" ಎಂದರೆ ಹಿಡಿಯುವುದು ಎಲ್ಲಿ? 2017ರ ಅಕ್ಟೋಬರಿನಲ್ಲಿ ಲಿಂಗಪರಿವರ್ತನೆ ಮಾಡಿಸಿಕೊಂಡ ನಾವಿಕರೊಬ್ಬರನ್ನು ನೌಕಾಪಡೆ ಹೊರಕಳಿಸಿದಾಗಲೂ ಬಳಸಿದ್ದು ಇದೇ ಮಾತು.

ಗಡಿ ಕಂಡವನು

ನಾನು ಪದಾತಿ ದಳದವನು. ನೇರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಯಾರೂ ಯಾರನ್ನೂ ದ್ವೇಷಿಸುತ್ತಿಲ್ಲ. ಹೊರಗೆ ಯಾರು ಹೇಗೆ ಬದುಕಿದರೂ ನನಗೆ ಚಿಂತೆಯಿಲ್ಲ. ಆದರೆ ಸಿಯಾಚಿನ್ ಪೋಸ್ಟಿನ ಫೈಬರ್ ಗುಡಿಸಲನ್ನು ಕಂಡವನು ನಾನು. ಸೀಮೆಎಣ್ಣೆ ಒಲೆಯ ಮಸಿಯಲ್ಲಿ ಆರು ಜನ ಭುಜಕ್ಕೆ ಭುಜ ಒತ್ತಿ ತಿಂಗಳುಗಟ್ಟಲೆ ಮಲಗಬೇಕು. ಅಲ್ಲಿ ಪಕ್ಕದವನ ಬಗ್ಗೆ ಒಂದು ಗುಮಾನಿ ಹುಟ್ಟಿದರೂ ಹಗ್ಗ ಕಟ್ಟಿಕೊಂಡು ನಡೆಯುವಾಗ ಕಾಲು ತಡವರಿಸುತ್ತದೆ. ನಮ್ಮ ಜವಾನರು ಹಳ್ಳಿಯ ಮಕ್ಕಳು. ಅವರ ಅಪ್ಪ ಅಮ್ಮ ಸೇನೆಯನ್ನು ನಂಬಿ ಹದಿನೆಂಟರ ಹುಡುಗನನ್ನು ಕಳಿಸುತ್ತಾರೆ. ಪಟ್ಟಣದ ಚರ್ಚೆಗಳಿಗೆ ಸೇನೆ ಪ್ರಯೋಗಶಾಲೆಯಾಗಬಾರದು.

ಇನ್ನೊಂದು ವಿಷಯವನ್ನು ಯಾರೂ ಹೇಳುತ್ತಿಲ್ಲ. ಮೇಲಿನವನು ಕೆಳಗಿನವನನ್ನು ಬಳಸಿಕೊಂಡ ಪ್ರಕರಣಗಳೂ ಇವೆ. ಆ ಸೆಕ್ಷನ್ ತೆಗೆದರೆ ಅಂಥ ಹುಡುಗ ಎಲ್ಲಿಗೆ ಹೋಗಬೇಕು?

ಲಿಚ್‌ಫೀಲ್ಡ್ ಹತ್ತಿರದವಳು

ಧಾರವಾಡದವಳು, ಇಂಗ್ಲೆಂಡಿನಲ್ಲಿ 14 ವರ್ಷ ಆಯಿತು. ಸುಬೇದಾರರು ಹೇಳಿದ ಸ್ಮಾರಕ ನಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆ. ಸ್ಟಾಫರ್ಡ್‌ಶೈರಿನ ರಾಷ್ಟ್ರೀಯ ಸ್ಮಾರಕ ವನ ಎಂಬ ದೊಡ್ಡ ತೋಟ, ನೂರಾರು ಸ್ಮಾರಕಗಳಿವೆ. ಮಕ್ಕಳಿಗೆ ಓಡಾಡಲು ಜಾಗವಿದೆ ಎಂದು ನಾವು ಹೋಗುವುದು, ಸುಳ್ಳು ಯಾಕೆ ಹೇಳಲಿ. 2025ರ ಅಕ್ಟೋಬರ್ 27ರಂದು ರಾಜ ಚಾರ್ಲ್ಸ್ ಇದನ್ನು ಅನಾವರಣ ಮಾಡಿದರು. ಮುಂದಿನ ವಾರವೇ ಹೋಗಿದ್ದೆವು.

ಕುದುರೆ ಇಲ್ಲ, ಬಂದೂಕು ಹಿಡಿದ ಸೈನಿಕ ಇಲ್ಲ. ಕಂಚಿನಲ್ಲಿ ಎರಕ ಹೊಯ್ದ ಒಂದು ಪತ್ರ. ಯಾರೋ ಸಿಟ್ಟಿನಿಂದ ಮುದ್ದೆ ಮಾಡಿ ಎಸೆದು, ಆಮೇಲೆ ಬಿಡಿಸಿಟ್ಟ ಕಾಗದದ ಹಾಗಿದೆ. ಮೈಮೇಲೆಲ್ಲ ಪದಗಳು. ಬರಿಗೈಯಲ್ಲಿ ಮುಟ್ಟಿದರೆ ಅಕ್ಷರ ಬೆರಳಿಗೆ ಸಿಗುತ್ತದೆ. ಸುಬೇದಾರರ ಬರಹದಲ್ಲಿ ಟ್ರಂಕಿನ ಪತ್ರದ ಮಾತು ಬಂದಾಗ ನನಗೆ ಮೈ ಜುಮ್ಮೆಂದಿತು. ಇಲ್ಲಿಯ ಸೈನಿಕ ಪೊಲೀಸರೂ ಹಾಗೆಯೇ ಮಾಡುತ್ತಿದ್ದರು. ಬೀರು ಕೆದಕಿ ಪತ್ರ, ದಿನಚರಿ, ಫೋಟೊ ಹುಡುಕುವುದು, ಅವನ್ನು ಎದುರಿಗಿಟ್ಟುಕೊಂಡು ಗಂಟೆಗಟ್ಟಲೆ ಪ್ರಶ್ನೆ ಕೇಳುವುದು.

ಇಲ್ಲಿ ನಾಗರಿಕರಿಗೆ 1967ರಲ್ಲಿಯೇ ವಿನಾಯಿತಿ ಸಿಕ್ಕಿತ್ತು, ಸೇನೆಗೆ ಮಾತ್ರ ಇಲ್ಲ. 1994ರಲ್ಲಿ ಸೇನೆಯಲ್ಲೂ ಅಪರಾಧವಲ್ಲ ಎಂದರು, ಆದರೆ ಕೆಲಸದಿಂದ ತೆಗೆಯುವುದು ನಿಲ್ಲಲಿಲ್ಲ. ವಾಯುಪಡೆಯ ನರ್ಸ್ ಜೀನೆಟ್ ಸ್ಮಿತ್ ಅವರ ವಿಷಯ ಓದಿ. ಯಾರೋ ಅನಾಮಧೇಯ ಹೆಂಗಸು ಫೋನ್ ಮಾಡಿ ದೂರು ಹೇಳಿದಳು, ವಿಚಾರಣೆ ಶುರುವಾಯಿತು. ಮನೆಯಲ್ಲಿ ಸಾಕುತ್ತಿದ್ದ ಹುಡುಗಿಯ ಬಗ್ಗೆಯೂ ಬಾಯಲ್ಲಿ ಹೇಳಲಾಗದ ಪ್ರಶ್ನೆ ಕೇಳಿದರು. ನಾನೂ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಒಬ್ಬಳನ್ನು ಕೂರಿಸಿಕೊಂಡು ಹಾಗೆ ಕೇಳಿದರೆ ಹೇಗಿರುತ್ತದೆ ಎಂದು ಯೋಚಿಸುತ್ತೇನೆ.

ಸ್ಮಿತ್, ವಾಯುಪಡೆಯವರೇ ಆದ ಗ್ರೇಮ್ ಗ್ರೇಡಿ ಮತ್ತು ನೌಕಾಪಡೆಯ ಇಬ್ಬರ ಪ್ರಕರಣಗಳು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದವು. 1999ರ ಸೆಪ್ಟೆಂಬರ್ 27ರಂದು ಬ್ರಿಟನ್ ಸೋತಿತು, 2000ದ ಜನವರಿ 12ರಂದು ನಿಷೇಧ ತೆಗೆಯಿತು.

ಗಡಿ ಕಂಡವರೇ, ನೀವು ಹೇಳಿದ ವಾದವನ್ನೇ ಇಲ್ಲಿಯ ರಕ್ಷಣಾ ಸಚಿವಾಲಯವೂ ನ್ಯಾಯಾಲಯದ ಮುಂದೆ ಇಟ್ಟಿತ್ತು. 1996ರಲ್ಲಿ ಸೈನಿಕರನ್ನೇ ಕೇಳಿ ವರದಿ ತಯಾರಿಸಿದ್ದರು: ನಮಗೆ ಮುಜುಗರ, ನಾವು ಒಪ್ಪುವುದಿಲ್ಲ ಎಂದು ಬಹಳ ಮಂದಿ ಹೇಳಿದ್ದರು. ನ್ಯಾಯಾಲಯ ಅದನ್ನು ಸುಳ್ಳು ಎನ್ನಲಿಲ್ಲ. ಮುಜುಗರ ಇರಬಹುದು, ಆದರೆ ಬೇರೆ ಬಣ್ಣದವರ ಬಗೆಗಿನ ಅಸಹನೆಗೆ ಎಷ್ಟು ಬೆಲೆ ಕೊಡುತ್ತೇವೋ ಇದಕ್ಕೂ ಅಷ್ಟೇ ಎಂದಿತು. ನಿಷೇಧ ತೆಗೆದ ಕೆಲವೇ ತಿಂಗಳಲ್ಲಿ ಅದೇ ಸಚಿವಾಲಯ ಪರಿಶೀಲಿಸಿ ನೋಡಿದಾಗ ಸೇನೆಯ ಸಾಮರ್ಥ್ಯಕ್ಕೆ ಧಕ್ಕೆಯಾದದ್ದು ಕಾಣಲಿಲ್ಲ.

ಸುಬೇದಾರರು ಬರೆದ ನಡತೆಯ ಅಂಕಣಕ್ಕೆ ಒಂದು ಸೇರಿಸುತ್ತೇನೆ. ಜೋ ಔಸಲಿಸ್ ಎಂಬ ನೌಕಾಪಡೆಯ ರೇಡಿಯೊ ಆಪರೇಟರ್, ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಹೋಗಿ ಬಂದವರು. 1993ರಲ್ಲಿ ಅವರನ್ನು ಹೊರಹಾಕುವಾಗ ಒಂದು ಪದಕವನ್ನೂ ಕಿತ್ತುಕೊಂಡರು. ಯಾವ ಪದಕ ಗೊತ್ತೇ? ದೀರ್ಘ ಸೇವೆ ಮತ್ತು ಸನ್ನಡತೆಯ ಪದಕ. ಕೋರ್ಟಿಗೆ ಹೋದ ಮೇಲೆ 2020ರಲ್ಲಿ ಹಿಂತಿರುಗಿಸಿದರು.

ನಿರ್ವಾಹಕ

ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಒಂದರಲ್ಲಿ ಬೈಗುಳ, ಇನ್ನೊಂದರಲ್ಲಿ ಸೇವೆಯಲ್ಲಿರುವ ಅಧಿಕಾರಿಯೊಬ್ಬರ ಹೆಸರು ಹಿಡಿದು ಊಹಾಪೋಹ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಇಲ್ಲಿ ಯಾರ ಹೆಸರನ್ನೂ ಬರೆಯಬೇಡಿ.

ನಿವೃತ್ತ ಗುಮಾಸ್ತ, ಹಾಸನ

ವಕೀಲರಿಗೆ, ಧಾರವಾಡದ ತಂಗಿಗೆ ಧನ್ಯವಾದ. ಗಡಿ ಕಂಡವರಿಗೆ ಒಂದು ಮಾತು. ಹಳ್ಳಿಯ ಮಕ್ಕಳು ಒಪ್ಪುವುದಿಲ್ಲ ಎಂಬ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಮಹಿಳಾ ಅಧಿಕಾರಿಗಳಿಗೆ ಕಮಾಂಡ್ ಹುದ್ದೆ ಕೊಡುವ ಮೊಕದ್ದಮೆಯಲ್ಲಿ ಸರ್ಕಾರ ಇದನ್ನೇ ಹೇಳಿತ್ತು: ಗ್ರಾಮೀಣ ಹಿನ್ನೆಲೆಯ ಜವಾನರು ಹೆಂಗಸಿನ ಆಜ್ಞೆ ಪಾಲಿಸಲು ಮಾನಸಿಕವಾಗಿ ತಯಾರಿಲ್ಲ ಎಂದು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸ್ವಾಮಿ, ನಾನೂ ಹಳ್ಳಿಯವನು. ಹಳ್ಳಿಯವನ ತಲೆಯ ಮೇಲೆ ಎಲ್ಲರೂ ತಮ್ಮ ಮುಜುಗರದ ಗಂಟನ್ನು ಹೊರಿಸುತ್ತಾರೆ. ಆ ಹುಡುಗನ ಪತ್ರ ಓದಿ ನಕ್ಕ ನಾಲ್ವರಲ್ಲಿ ಇಬ್ಬರು ಪಟ್ಟಣದಲ್ಲಿ ಓದಿದವರು.

ಹೆಸರು ಬೇಡ

ಎರಡು ದಿನದಿಂದ ಓದುತ್ತಿದ್ದೇನೆ. ಈ ಖಾತೆಯನ್ನು ಇದಕ್ಕಾಗಿಯೇ ತೆರೆದಿದ್ದೇನೆ, ನಂತರ ಮುಚ್ಚುತ್ತೇನೆ. ಊರು, ದಳ, ವರ್ಷ ಕೇಳಬೇಡಿ. ಸೇವೆ ಮುಗಿಸಿ ಪಿಂಚಣಿ ಪಡೆಯುತ್ತಿರುವವನು. ಸಲಿಂಗಿ.

ಗಡಿ ಕಂಡವರೇ, ನಿಮ್ಮ ಫೈಬರ್ ಗುಡಿಸಲಿನಂಥದ್ದರಲ್ಲಿ ನಾನೂ ಇದ್ದೆ. ಅಲ್ಲಿ ಯಾರಿಗೂ ಯಾರ ಮೇಲೂ ಯಾವ ಆಸೆಯೂ ಹುಟ್ಟುವುದಿಲ್ಲ. ಕಾಲಿನ ಬೆರಳು ಹತ್ತೂ ಉಳಿದರೆ ಸಾಕು ಎಂಬುದೊಂದೇ ಆಸೆ. ಮೂಗಿನಿಂದ ಮಸಿ ಸುರಿಯುತ್ತಿರುವ, ತಿಂಗಳಿಂದ ಸ್ನಾನವಿಲ್ಲದ ಆರು ಗಂಡಸರನ್ನು ನೀವು ಬಹಳ ಆಕರ್ಷಕ ಎಂದುಕೊಂಡಿದ್ದೀರಿ!

ಪತ್ರಿಕೆಗಳಲ್ಲಿ ಬರುವ "ಸಲಿಂಗಕಾಮಿ" ಎಂಬ ಪದದಲ್ಲೇ ಕಾಮ ಕುಳಿತಿದೆ. ಅದಕ್ಕೇ ಕೇಳಿದವರ ತಲೆ ನೇರವಾಗಿ ಹಾಸಿಗೆಗೆ ಹೋಗುತ್ತದೆ. ನಿಮ್ಮನ್ನು ಯಾರೂ ವಿಲಿಂಗಕಾಮಿ ಹವಾಲ್ದಾರ್ ಎನ್ನುವುದಿಲ್ಲ. ನನಗೆ ಕಷ್ಟವಾದದ್ದು ಹಾಸಿಗೆಯ ವಿಷಯದಲ್ಲಿ ಅಲ್ಲ, ಕಾಗದದ ವಿಷಯದಲ್ಲಿ. ಸುಬೇದಾರರಿಗೆ ಅರ್ಥವಾಗುತ್ತದೆ. ಮದುವೆಯಾದರೆ ಪಾರ್ಟ್ ಟು ಆರ್ಡರ್ ಎಂಬ ದಾಖಲೆಯ ಆದೇಶ ಹೊರಡುತ್ತದೆ, ಹೆಂಡತಿಯ ಹೆಸರು ದಾಖಲೆಗೆ ಏರುತ್ತದೆ, ಕ್ವಾರ್ಟರ್ಸ್ ಸಿಗುತ್ತದೆ, ನಾನು ಸತ್ತರೆ ಕುಟುಂಬ ಪಿಂಚಣಿ ಅವಳಿಗೆ. ನನ್ನ ಜೊತೆ ಹತ್ತೊಂಬತ್ತು ವರ್ಷದಿಂದ ಇರುವ ಮನುಷ್ಯನ ಹೆಸರು ಇಡೀ ಸೇನೆಯ ಒಂದು ಕಾಗದದಲ್ಲೂ ಇಲ್ಲ. ನಾನು ಗಡಿಯಲ್ಲಿದ್ದಾಗ ಏನಾದರೂ ಆಗಿದ್ದರೆ ಅವನಿಗೆ ತಿಳಿಯುತ್ತಿದ್ದದ್ದು ಟಿವಿಯಿಂದ. ನನ್ನ ಊರಿಗೆ ಬಂದು ಜನರ ಹಿಂದಿನ ಸಾಲಿನಲ್ಲಿ, ಸ್ನೇಹಿತ ಎಂದು ಹೇಳಿಕೊಂಡು ನಿಲ್ಲಬೇಕಿತ್ತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲವಲ್ಲ, ಅಂದು ರಾತ್ರಿ ಅವನು ಕೇಳಿದ: "ಹಾಗಾದರೆ ಇನ್ನೂ ಹಿಂದಿನ ಸಾಲೇ?"

ಮದುವೆಯ ಪ್ರಶ್ನೆಗೆ ಎಷ್ಟು ಸುಳ್ಳು ಹೇಳಿದೆನೋ ಲೆಕ್ಕವಿಲ್ಲ. ತಂಗಿಯ ಮದುವೆ ಆಗಲಿ, ಜಾತಕದಲ್ಲಿ ದೋಷ, ಅಮ್ಮನಿಗೆ ಹುಷಾರಿಲ್ಲ. ಪ್ರತಿ ಹೊಸ ಪೋಸ್ಟಿಂಗಿನಲ್ಲಿ ಸುಳ್ಳನ್ನು ಹೊಸದಾಗಿ ಹೊಲಿಸಿಕೊಳ್ಳಬೇಕು, ಸಮವಸ್ತ್ರದ ಹಾಗೆ. ಬಾಸ್ಕೆಟ್‌ಬಾಲ್ ಆಡುವಾಗ, ಗಸ್ತು ಹೋಗುವಾಗ, ಗುಂಡು ಹಾರುವಾಗ ಯಾರಿಗೂ ನನ್ನ ಬಗ್ಗೆ ತಕರಾರಿರಲಿಲ್ಲ. ತಕರಾರು ಬರುತ್ತಿದ್ದದ್ದು ಮೆಸ್ಸಿನಲ್ಲಿ, ಪಾರ್ಟಿಯ ದಿನ.

ಗಡಿ ಕಂಡವನು

ಹೆಸರು ಬೇಡ ಎಂದವರಿಗೆ: ನಿಮಗೆ ಸಲ್ಯೂಟ್ ಹೊಡೆಯುತ್ತೇನೆ, ಗುಡಿಸಲಿನ ಸೇವೆಗಾಗಿ. ಉಳಿದ ವಿಷಯದಲ್ಲಿ ನನ್ನ ಅಭಿಪ್ರಾಯ ಒಂದೇ ದಿನದಲ್ಲಿ ಬದಲಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಿಂದಿನ ಸಾಲಿನ ಮಾತು ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು "ಪಾಪ, ಯಾರಮ್ಮನ ಮಗನೋ" ಎಂದಳು. ಅಷ್ಟು ಬರೆಯಬೇಕೆನಿಸಿತು.

ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಬಲಾತ್ಕಾರಕ್ಕೆ ಒಳಗಾದ ಹುಡುಗ ಎಲ್ಲಿಗೆ ಹೋಗಬೇಕು? ವಕೀಲರು ಹೇಳಲಿ.

ಮೈಸೂರು ವಕೀಲ

ಒಳ್ಳೆಯ ಪ್ರಶ್ನೆ. ನನ್ನ ವಾದಕ್ಕೆ ಇದು ಸ್ವಲ್ಪ ತೊಂದರೆ ಕೊಡುತ್ತದೆ ಎಂದು ಒಪ್ಪಿಕೊಂಡೇ ಉತ್ತರಿಸುತ್ತೇನೆ.

2018ರ ತೀರ್ಪು 377ನ್ನು ಪೂರ್ತಿ ಅಳಿಸಿರಲಿಲ್ಲ. ಒಪ್ಪಿಗೆಯಿಲ್ಲದೆ ನಡೆದದ್ದು ಅಪರಾಧವಾಗಿಯೇ ಉಳಿದಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಾಗ ಆ ಸೆಕ್ಷನ್ ಇಡಿಯಾಗಿ ಮಾಯವಾಯಿತು. ಹೊಸ ಸಂಹಿತೆಯ ಅತ್ಯಾಚಾರದ ವ್ಯಾಖ್ಯೆ ಹೆಣ್ಣಿಗೆ ಸೀಮಿತ. ಹಾಗಾಗಿ ಇವತ್ತು ವಯಸ್ಕ ಗಂಡಸಿನ ಮೇಲೆ ಲೈಂಗಿಕ ಬಲಾತ್ಕಾರವಾದರೆ ಅದಕ್ಕೆಂದೇ ಇರುವ ಸೆಕ್ಷನ್ ದಂಡಸಂಹಿತೆಯಲ್ಲಿ ಇಲ್ಲ. ದೆಹಲಿ ಹೈಕೋರ್ಟಿನಲ್ಲಿ ಈ ಬಗ್ಗೆ ಅರ್ಜಿಯೂ ಬಂತು. ಸೈನಿಕನಿಗೆ ಮಾತ್ರ ಸೇನಾ ಕಾಯ್ದೆಯ 46 ಉಳಿದಿದೆ. ಆದ್ದರಿಂದ ಅದನ್ನು ಕಣ್ಣು ಮುಚ್ಚಿ ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ.

ಆದರೆ ಆ ಸೆಕ್ಷನ್ನಿನ ಕೆಲಸದ ರೀತಿ ನೋಡಿ. "ಅಸ್ವಾಭಾವಿಕ" ಎಂಬ ಪದ ಒಪ್ಪಿಗೆ ಇತ್ತೇ ಇಲ್ಲವೇ ಎಂದು ಕೇಳುವುದಿಲ್ಲ. ಮೇಲಧಿಕಾರಿ ಹಿಂಸಿಸಿದ ಎಂದು ಹುಡುಗ ದೂರು ಕೊಟ್ಟರೆ "ನೀನು ಒಪ್ಪಿದ್ದೆ" ಎಂಬ ಒಂದು ಮಾತು ಸಾಕು, ದೂರು ಕೊಟ್ಟವನೂ ಆರೋಪಿಯ ಬೆಂಚಿಗೆ ಬರುತ್ತಾನೆ. 2018ರ ತೀರ್ಪಿನ ಬಳಿಕ 377 ಇರುವವರೆಗೆ ಹೊರಗೆ ಹಾಗಿರಲಿಲ್ಲ, ಒಪ್ಪಿಗೆ ಇದ್ದರೆ ಅಪರಾಧವಿಲ್ಲ, ಇಲ್ಲದಿದ್ದರೆ ದೂರು ಕೊಟ್ಟವನು ಸಂತ್ರಸ್ತ. ಈ ಭಯದಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗನಿಗೆ 46 ರಕ್ಷಣೆಯಲ್ಲ, ಬಾಯಿಗೆ ಹಾಕಿದ ಬೀಗ. ಆ ಒಂದು ಪದ ತೆಗೆದು "ಒಪ್ಪಿಗೆಯಿಲ್ಲದೆ, ಅಥವಾ ಹುದ್ದೆಯ ಬಲದಿಂದ" ಎಂದು ಬರೆದರೆ ನಿಮ್ಮ ಹುಡುಗನಿಗೂ ಉಳಿಯಿತು, ಸುಬೇದಾರರ ಹುಡುಗನಿಗೂ ಉಳಿಯಿತು.

ಸ್ಯಾನ್ ಹೋಸೆಯಿಂದ

ಸುಬೇದಾರರ ಕಾಗದದ ಮಾತಿಗೆ ಅಮೆರಿಕದ ಒಂದು ಉದಾಹರಣೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸಲಿಂಗಿಗಳೆಂದು ಗುಮಾನಿಯಾದವರಿಗೂ ಬಹಳಷ್ಟು ಕಪ್ಪು ಸೈನಿಕರಿಗೂ ಕೊಡುತ್ತಿದ್ದ ಬಿಡುಗಡೆ ಪತ್ರ ನೀಲಿ ಕಾಗದದಲ್ಲಿ ಇರುತ್ತಿತ್ತು. ಗೌರವದ ಬಿಡುಗಡೆಯೂ ಅಲ್ಲ, ಅವಮಾನದ್ದೂ ಅಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದರು. ಕೆಲಸ ಕೊಡುವವರು ಬಣ್ಣ ನೋಡಿಯೇ ಬಾಗಿಲು ಹಾಕುತ್ತಿದ್ದರು. ಮಾಜಿ ಸೈನಿಕರಿಗೆ ಸಿಗುತ್ತಿದ್ದ ಓದಿನ, ಮನೆ ಸಾಲದ ಸೌಲಭ್ಯವೂ ನೀಲಿಯವರಿಗೆ ಸಿಗಲಿಲ್ಲ.

ಆಮೇಲೆ 1994ರಿಂದ 2011ರವರೆಗೆ "ನೀನು ಹೇಳಬೇಡ, ನಾವು ಕೇಳುವುದಿಲ್ಲ" ಎಂಬ ನೀತಿ. ಕೇಳುವುದಿಲ್ಲ ಎನ್ನುತ್ತಲೇ 13,000ಕ್ಕೂ ಹೆಚ್ಚು ಜನರನ್ನು ಕಳಿಸಿದರು. ಭಾಷಾ ತಜ್ಞರ ಕೊರತೆ ಇದ್ದ ಕಾಲದಲ್ಲೇ ಅರಬ್ಬಿ ಬಲ್ಲವರೂ ಆ ಪಟ್ಟಿಯಲ್ಲಿದ್ದರು. ವಿಯೆಟ್ನಾಂ ಯುದ್ಧದ ಲಿಯೊನಾರ್ಡ್ ಮ್ಯಾಟ್ಲೊವಿಚ್ ಅವರ ಸಮಾಧಿ ವಾಷಿಂಗ್ಟನ್ನಿನಲ್ಲಿದೆ, ಹೋಗಿ ನೋಡಿದ್ದೇನೆ. ಕಲ್ಲಿನ ಮೇಲೆ ಅವರ ಹೆಸರಿಲ್ಲ. ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಪದಕ ಕೊಟ್ಟರು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಹಾಕಿದರು ಎಂಬ ಅರ್ಥದ ಸಾಲಿದೆ.

ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಲಿಂಗಪರಿವರ್ತಿತ ಸೈನಿಕರನ್ನು ಹೊರಗಿಡುವ ಆದೇಶ 2025ರಲ್ಲಿ ಮತ್ತೆ ಬಂದಿದೆ. ಇಲ್ಲಿಯ ಸುಪ್ರೀಂ ಕೋರ್ಟ್ ಮೇ ತಿಂಗಳಲ್ಲಿ ಅದರ ಜಾರಿಗೆ ಅವಕಾಶ ಕೊಟ್ಟಿತು.

ಬಾಗಲಕೋಟೆ ವಿದ್ಯಾರ್ಥಿ

ನಾನು ಎರಡನೇ ಪಿಯುಸಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡುತ್ತೇನೆ, 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸುತ್ತೇನೆ. ಅಗ್ನಿವೀರ್ ಆಗಬೇಕೆಂದಿದೆ. ನನ್ನ ಪ್ರಶ್ನೆ ಎಲ್ಲರಿಗೂ ಅಲ್ಲ, ಹೆಸರು ಬೇಡ ಎಂದ ಅಣ್ಣನಿಗೆ. ಹೋಗಲೇ ಬೇಡವೇ?

ಹೆಸರು ಬೇಡ

ತಮ್ಮಾ, ನೀನು ಯಾಕೆ ನನ್ನನ್ನೇ ಕೇಳಿದೆ ಎಂದು ನಾನು ಕೇಳುವುದಿಲ್ಲ. ನೀನೂ ಇಲ್ಲಿ ಯಾರಿಗೂ ಹೇಳಬೇಡ.

ಹೋಗು ಎಂದರೂ ಬೇಡ ಎಂದರೂ ನಾಳೆ ನೀನು ನನ್ನನ್ನು ಬೈಯುವಂತಾಗುತ್ತದೆ. ಗೊತ್ತಿರುವುದನ್ನು ಹೇಳುತ್ತೇನೆ. ಸಮವಸ್ತ್ರ ಹಾಕಿದ ದಿನ ನನಗಾದ ಸಂತೋಷ ಆಮೇಲೆ ಮತ್ತೆ ಆಗಿಲ್ಲ. ನನ್ನ ಜೀವ ಉಳಿಸಿದವರು, ನಾನು ಉಳಿಸಿದವರು ಎಲ್ಲರೂ ಅಲ್ಲಿಯವರೇ. ಹಾಗೆಯೇ, ನನ್ನ ಕಾಲದಲ್ಲಿ ನೌಕರಿ ಖಾಯಂ ಇತ್ತು. ನಿನ್ನದು ನಾಲ್ಕು ವರ್ಷ, ಆಮೇಲೆ ಶೇಕಡ 25ರಷ್ಟು ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಯಾರು ಉಳಿಯಬೇಕು ಎಂದು ತೂಗುವ ನಾಲ್ಕು ವರ್ಷ ನಿನ್ನ ಮೇಲೆ ಕಣ್ಣಿರುತ್ತದೆ. ಒಂದು ಗುಸುಗುಸು ಸಾಕು, ಕಾರಣ ಬರೆಯುವ ಅಗತ್ಯವೂ ಇಲ್ಲ. ಫೋನಿನಲ್ಲಿ ಏನನ್ನೂ ಇಟ್ಟುಕೊಳ್ಳಬೇಡ. ನಮಗೆ ಟ್ರಂಕ್ ಹೇಗೋ ನಿಮಗೆ ಫೋನ್ ಹಾಗೆ.

ಓಟ ಮಾತ್ರ ನಿಲ್ಲಿಸಬೇಡ. ಐದೂವರೆ ನಿಮಿಷ ಒಳ್ಳೆಯ ಸಮಯ.

ಲಿಚ್‌ಫೀಲ್ಡ್ ಹತ್ತಿರದವಳು

ಸೇನೆಯಿಂದ ಹೊರಹಾಕಿಸಿಕೊಂಡ ಸಲಿಂಗಿಗಳಿಗೆ ಬ್ರಿಟನ್ ಕೊಟ್ಟ ಪರಿಹಾರದ ಹಣ ಎಷ್ಟು ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದರು. ಈ ನಿಷೇಧದ ಪರಿಣಾಮದ ಬಗ್ಗೆ ನ್ಯಾಯಮೂರ್ತಿಯಾಗಿದ್ದ ಲಾರ್ಡ್ ಎಥರ್ಟನ್ ಅವರ ವರದಿ 2023ರ ಜುಲೈಯಲ್ಲಿ ಹೊರಬಂತು, 49 ಶಿಫಾರಸುಗಳಿದ್ದವು. ಅದೇ ದಿನ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಮ್ಮ ಬೆಂಗಳೂರಿನ ಅಳಿಯ ಎಂದು ಇಲ್ಲಿಯ ಕನ್ನಡ ಬಳಗದ ವಾಟ್ಸ್‌ಆ್ಯಪ್‌ನಲ್ಲಿ ಅವರ ಎಲ್ಲ ಸುದ್ದಿಯೂ ಬರುತ್ತಿತ್ತು, ಆ ದಿನದ್ದು ಮಾತ್ರ ಬರಲಿಲ್ಲ! ಹೊರಹಾಕಲ್ಪಟ್ಟವರಿಗೆ 50,000 ಪೌಂಡ್, ತನಿಖೆ, ಕಿರುಕುಳ ಇತ್ಯಾದಿ ಅನುಭವಿಸಿದವರಿಗೆ ಪ್ರತ್ಯೇಕವಾಗಿ 20,000ದವರೆಗೆ. ಮೊದಲು ಒಟ್ಟು 5 ಕೋಟಿ ಪೌಂಡ್ ಎಂದಿದ್ದರು, 2024ರ ಡಿಸೆಂಬರಿನಲ್ಲಿ 7.5 ಕೋಟಿಗೆ ಏರಿಸಿದರು. ಬಹಳ ಜನ ಆ ಹೊತ್ತಿಗೆ ತೀರಿಕೊಂಡಿದ್ದರು.

ನಿವೃತ್ತ ಗುಮಾಸ್ತ, ಹಾಸನ

ಎಲ್ಲವನ್ನೂ ಎರಡೆರಡು ಸಲ ಓದಿದೆ.

ಆ ಹುಡುಗನ ಊರು ನನಗೆ ನೆನಪಿದೆ. ಕಡತದಲ್ಲಿ ನೂರು ಸಲ ಬರೆದ ವಿಳಾಸ ಮರೆಯುವುದಿಲ್ಲ. ಈಗ ಅವನಿಗೆ ಐವತ್ತೈದರ ಮೇಲಾಗಿರಬೇಕು. ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ, ಊರಿನಲ್ಲೇ ಇದ್ದಾನಂತೆ, ಹಿಟ್ಟಿನ ಗಿರಣಿ ಇಟ್ಟಿದ್ದಾನಂತೆ, ಮದುವೆಯಾಗಿ ಮಕ್ಕಳಿದ್ದಾರಂತೆ. ವಕೀಲರೇ, ನ್ಯಾಯಮಂಡಳಿಗೆ ಈಗ ಹೋಗಬಹುದೇ? ಪಿಂಚಣಿ ಬರುವುದಿಲ್ಲ ಎಂದು ನನಗೂ ಗೊತ್ತು, ಸೇವೆ ಸಾಲದು. ಆ ಸಾಲನ್ನಾದರೂ ತೆಗೆಸಬಹುದೇ? ನಾನು ಬಂದು ಸಾಕ್ಷಿ ಹೇಳುತ್ತೇನೆ.

ನಾಲ್ಕು ಪುಟದ ಪತ್ರ ಬರೆದಿದ್ದೇನೆ. ನಡೆದದ್ದೆಲ್ಲವನ್ನೂ, ನಾನು ಮಾಡಿದ್ದನ್ನೂ ಬರೆದು ಕ್ಷಮೆ ಕೇಳಿದ್ದೇನೆ. ನಾಳೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕೆಂದಿದ್ದೇನೆ.

ಮೈಸೂರು ವಕೀಲ

ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅರ್ಜಿ ಹಾಕಲು ಆರು ತಿಂಗಳ ಗಡುವಿದೆ. ತಡವಾದದ್ದಕ್ಕೆ ತಕ್ಕ ಕಾರಣ ಇದ್ದರೆ ಮನ್ನಿಸುವ ಅಧಿಕಾರ ಅವರಿಗಿದೆ, ಆದರೆ ಕಾಲು ಶತಮಾನದ ತಡವನ್ನು ಮನ್ನಿಸುತ್ತಾರೆ ಎಂದು ಭರವಸೆ ಕೊಡಲಾರೆ. ಶುಲ್ಕವಿಲ್ಲದೆ ನಾನು ಓಡಾಡುತ್ತೇನೆ. ಅರ್ಜಿದಾರ ಮಾತ್ರ ಅವನೇ ಆಗಬೇಕು, ನೀವಲ್ಲ.

ಹೆಸರು ಬೇಡ

ಸಾಬ್, ದಯವಿಟ್ಟು ಆ ಪತ್ರವನ್ನು ಅಂಚೆಗೆ ಹಾಕಬೇಡಿ.

ಹಳ್ಳಿಯಲ್ಲಿ ಸ್ಪೀಡ್ ಪೋಸ್ಟ್ ಬಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅವನು ಗಿರಣಿಯಲ್ಲಿದ್ದರೆ ಮನೆಯಲ್ಲಿ ಮಗ ಸಹಿ ಮಾಡಿ ತೆಗೆದುಕೊಳ್ಳುತ್ತಾನೆ. ಸೇನೆಯಿಂದ ಏನೋ ಬಂದಿದೆ, ಅಪ್ಪನಿಗೆ ಹಣ ಬರಬಹುದು ಎಂದು ಒಡೆದು ನೋಡುತ್ತಾನೆ. ಅವನು ಇಷ್ಟು ವರ್ಷ ಬೆನ್ನು ನೋವು ಎಂದೇ ಹೇಳಿಕೊಂಡು ಬಂದಿರಬಹುದು.

ನಿವೃತ್ತ ಗುಮಾಸ್ತ, ಹಾಸನ

ಇದು ನನಗೆ ಹೊಳೆದೇ ಇರಲಿಲ್ಲ. ಪತ್ರ ಹಾಕುವುದಿಲ್ಲ.

ಅವನ ಊರು ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ. ಮನೆಯಲ್ಲಿ ರಾಗಿ ಐದು ಸೇರು ಇದೆ, ಬೀಸಿಸಿಕೊಂಡು ಬರುತ್ತೇನೆ. ಗುರುತು ಹಿಡಿದರೆ ಹಿಡಿಯಲಿ. ಮಾತಾಡಬೇಕೋ ಬೇಡವೋ ಅವನು ನೋಡಿಕೊಳ್ಳಲಿ.